ಕುಬ್ಜ ಬಾವಲಿ

ಕುಬ್ಜ ಬಾವಲಿಯು ಸ್ತನಿವರ್ಗದ ಕೈರಾಪ್ಟೆರ ಗಣಕ್ಕೂ ಅದರೊಳಗಿನ ವೆಸ್ಪರ್ಟಿಲಿಯೊನಿಡೀ ಕುಟುಂಬಕ್ಕೂ ಸೇರಿದ, ಹಾರುವ ಕೀಟಗಳನ್ನೇ ಆಹಾರವಾಗುಳ್ಳ, ಭಾರತದ ಬಾವಲಿಗಳಲ್ಲೆಲ್ಲ ಅತಿ ಸಣ್ಣವುಗಳ ಪಂಕ್ತಿಯಲ್ಲಿ ಗಣಿಸಲ್ಪಡುವ ಒಂದು ನಿಶಾಚರ ಪ್ರಾಣಿ. ಇದರ ವೈಜ್ಞಾನಿಕ ನಾಮ ಪಿಪಿಸ್ಟ್ರೆಲಸ್ ಟೆನ್ಯುಯಿಸ್. ಆಲದ ಮರಗಳಲ್ಲಿ ಜೋತುಬಿದ್ದು ಹಣ್ಣುಗಳನ್ನರಸಿ ಹೊರಡುವ ದೊಡ್ಡ ಬಾವಲಿಯು ಒಂದು ಕಿಲೋಗ್ರಾಂ ಮೀರಿ ತೂಗಬಲ್ಲುದಾದರೆ, ಕುಬ್ಜ ಬಾವಲಿಯ ತೂಕ 2ರಿಂದ 3 ಗ್ರಾಂ ಮಾತ್ರ. ಸಂಜೆಯ ಬೆಳಕು ಇನ್ನೂ ಆರದಿರುವಾಗಲೇ ಮನೆಯಂಗಳದ ಮೇಲೂ ಬೀದಿದೀಪಗಳ ಸುತ್ತಲೂ ತಟಕ್ಕನೆ ತಿರುಗುತ್ತ, ಒಮ್ಮೆ ಕೆಳಗೆ ಒಮ್ಮೆ ಮೇಲೆ ಹಾರಾಡುತ್ತ ಎಲ್ಲರಿಗೂ ಕಾಣಸಿಗುವ, ಆದರೆ ಹೆಚ್ಚಿನವರು ಹಕ್ಕಿಯೆಂದೋ ಪತಂಗವೆಂದೋ ಭಾವಿಸಿ ಕಡೆಗಣಿಸುವ ಜೀವಿ ಬಹುಮಟ್ಟಿಗೆ ಇದೇ, ಇಲ್ಲವೆ ಇದರ ಹತ್ತಿರದ ಬಂಧುಗಳಲ್ಲೊಂದು. ಈ ಪ್ರಾಣಿಯ ದೇಹರಚನೆ, ಆಹಾರಕ್ರಮ, ನಿದ್ರೆ, ಸಂತಾನ ಇವೆಲ್ಲವನ್ನೂ ಅದರ ಗಾತ್ರದ ಕಿರಿದುತನವೇ ನಿಯಮಿಸುವುದರಿಂದ, ಮುಂದಿನ ವಿವರಣೆಯಲ್ಲಿ ಆ ಸಂಬಂಧವನ್ನು ಎಡೆಯೆಡೆಯಲ್ಲಿ ಗಮನಿಸಬೇಕಾಗುತ್ತದೆ.

ವರ್ಗೀಕರಣ ಮತ್ತು ನಾಮಕರಣ

ಬಾವಲಿಗಳ ಗಣವು ಸ್ತನಿಗಳಲ್ಲಿ ಮೂಷಕಗಣದ ತರುವಾಯ ಅತ್ಯಂತ ವಿಸ್ತಾರವಾದುದು; ಜಗತ್ತಿನಲ್ಲಿ 1,400ಕ್ಕೂ ಮಿಕ್ಕಿ ಪ್ರಭೇದಗಳು ಗುರುತಿಸಲ್ಪಟ್ಟಿವೆ, ಭಾರತದಲ್ಲಿ ಅವುಗಳ ಸಂಖ್ಯೆ 120ನ್ನು ಮೀರುತ್ತದೆ. ಕನ್ನಡದಲ್ಲಿ ಬಾವಲಿ, ಬಾವುಲಿ, ಕಣ್ಕಪ್ಪಡಿ ಎಂಬ ಹೆಸರುಗಳು ಪ್ರಾಂತಭೇದದಿಂದ ಬಳಕೆಯಲ್ಲಿವೆ. ಇವು ಗಣಕ್ಕೆಲ್ಲ ಸಾಧಾರಣವಾದ ಹೆಸರುಗಳಾದುದರಿಂದ, ಪ್ರಸ್ತುತ ಪ್ರಭೇದವನ್ನು ಈ ಲೇಖನದಲ್ಲಿ ಕುಬ್ಜ ಬಾವಲಿಯೆಂದೇ ಕರೆಯಲಾಗಿದೆ.

ಈ ಪ್ರಭೇದವನ್ನು ಡಚ್ ಪ್ರಾಣಿಶಾಸ್ತ್ರಜ್ಞ ಟೆಮ್ಮಿಂಕ್ 1840ರಲ್ಲಿ ಸುಮಾತ್ರ ದ್ವೀಪದ ಮಾದರಿಯನ್ನು ಆಧಾರವಾಗಿಟ್ಟುಕೊಂಡು ವರ್ಣಿಸಿದನು. ಭಾರತದ ಕುಬ್ಜ ಬಾವಲಿಯನ್ನು, ಮುಂಬಯಿ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದು ಸ್ತನಿಗಳ ಅಧ್ಯಯನದಲ್ಲಿ ಕೀರ್ತಿವಂತನಾದ ರಾಟನ್ ಎಂಬ ವಿದ್ವಾಂಸನು ಗುಜರಾತಿನ ಡಾಂಗ್ ಅರಣ್ಯಪ್ರದೇಶದ ಮಾದರಿಯಿಂದ 1899ರಲ್ಲಿ ಪಿಪಿಸ್ಟ್ರೆಲಸ್ ಮೈಮಸ್ ಎಂಬ ಪ್ರತ್ಯೇಕ ಪ್ರಭೇದವಾಗಿ ಹೆಸರಿಸಿದನು. ಬಹುಕಾಲ ಭಾರತೀಯ ಗ್ರಂಥಗಳಲ್ಲಿ ಈ ಹೆಸರೇ ನಡೆದುಬಂದಿತು. ಅನಂತರದ ಪಂಡಿತರು ಎರಡನ್ನೂ ಒಂದೇ ಪ್ರಭೇದದಲ್ಲಿ ಅಡಕಮಾಡಿ, ಮೈಮಸ್ ಎಂಬುದನ್ನು ಉಪಪ್ರಭೇದದ ಸ್ಥಾನಕ್ಕೆ ಇಳಿಸಿದರು. ಹಳೆಯ ಸಂಶೋಧನಲೇಖನಗಳನ್ನು ಓದುವವರು ಈ ನಾಮವ್ಯತ್ಯಾಸವನ್ನು ನೆನಪಿನಲ್ಲಿಡುವುದು ಅವಶ್ಯ. ಮುಂಬಯಿಯ ನಿಸರ್ಗೇತಿಹಾಸ ಸಂಘವು 1911ರಿಂದ 1923ರವರೆಗೆ ನಡೆಸಿದ ಸ್ತನಿಸಮೀಕ್ಷೆಯು ಧಾರವಾಡ, ಕೆನರಾ, ಕೊಡಗು ಪ್ರದೇಶಗಳನ್ನೂ ಒಳಗೊಂಡಿದ್ದು, ಕನ್ನಡನಾಡಿನ ಸಣ್ಣ ಸ್ತನಿಗಳ ಕ್ರಮಬದ್ಧ ಜ್ಞಾನಕ್ಕೆ ತಳಹದಿಯನ್ನು ಹಾಕಿತು.

ಉಗಮ

ಬಾವಲಿಗಳ ಮೂಳೆಗಳು ತೀರ ನವಿರಾದುದರಿಂದ ಅವು ಶಿಲಾರೂಪದಲ್ಲಿ ಉಳಿದುಬರುವುದು ಅಪೂರ್ವ. ಅಮೆರಿಕದ ವಯೋಮಿಂಗ್ ಪ್ರಾಂತದಲ್ಲಿ ದೊರೆತು 2008ರಲ್ಲಿ ವರ್ಣಿತವಾದ ಆನಿಕೊನಿಕ್ಟೆರಿಸ್ ಎಂಬ ಪ್ರಾಚೀನ ಬಾವಲಿಯು ಸುಮಾರು 5.2 ಕೋಟಿ ವರ್ಷಗಳ ಹಿಂದಿನದು. ಅದರ ರೆಕ್ಕೆ ಹಾರಾಟಕ್ಕೆ ಸಮರ್ಥವಾಗಿದ್ದರೂ ಒಳಗಿವಿಯ ರಚನೆಯು ಇಂದಿನ ಕೀಟಾಹಾರಿ ಬಾವಲಿಗಳಷ್ಟು ಬೆಳೆದಿರಲಿಲ್ಲವೆಂಬ ಕಾರಣದಿಂದ, ಹಾರಾಟವು ಮೊದಲು ಬಂದು ಪ್ರತಿಧ್ವನಿಯ ಮೂಲಕ ದಾರಿಯನ್ನರಿಯುವ ಶಕ್ತಿಯು ಆಮೇಲೆ ಬಂದಿತೆಂದು ಅದನ್ನು ವರ್ಣಿಸಿದವರು ನಿರ್ಣಯಿಸಿದರು. ಈ ನಿರ್ಣಯವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಎಂಬಲ್ಲಿಯ ಕಂದುಕಲ್ಲಿದ್ದಲ ಗಣಿಯಲ್ಲಿಯೂ ಹೆಚ್ಚುಕಡಮೆ ಅದೇ ಯುಗದ ಅನೇಕ ಬಗೆಯ ಬಾವಲಿಗಳ ಹಲ್ಲುದವಡೆಗಳು ದೊರೆತಿದ್ದು, ಅಷ್ಟು ಪುರಾತನ ಕಾಲದಲ್ಲಿಯೇ ಭಾರತ ಭೂಖಂಡದಲ್ಲಿ ಬಾವಲಿಗಳು ಹಲವು ಕವಲುಗಳಾಗಿ ಒಡೆದಿದ್ದುವೆಂಬುದನ್ನು ಅವು ಸ್ಥಿರಪಡಿಸುತ್ತವೆ.

ಶರೀರರಚನೆ

ತಲೆಯೂ ಮೈಯೂ ಸೇರಿ ಕುಬ್ಜ ಬಾವಲಿಯ ಉದ್ದ ಸುಮಾರು 4 ಸೆಂಟಿಮೀಟರು. ಬಾಲದ ಉದ್ದ ಸುಮಾರು 3 ಸೆಂಟಿಮೀಟರು. ಬಾವಲಿಗಳ ಗಾತ್ರವನ್ನು ಶಾಸ್ತ್ರಜ್ಞರು ಮುಂಗೈ ಮೂಳೆಯ ಉದ್ದದಿಂದ ಅಳೆಯುವುದು ವಾಡಿಕೆಯಾಗಿದ್ದು, ಈ ಪ್ರಭೇದದಲ್ಲಿ ಅದು 25ರಿಂದ 30 ಮಿಲಿಮೀಟರು ಇರುತ್ತದೆ. ರೆಕ್ಕೆಗಳನ್ನು ಪೂರ್ತಿಯಾಗಿ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಒಂದು ಗೇಣು. ಮಡಿಚಿ ಮುದುಡಿ ಕುಳಿತಾಗ ಇಡಿಯ ಪ್ರಾಣಿಯು ಮನುಷ್ಯನ ಹೆಬ್ಬೆರಳಿನ ಗಾತ್ರವನ್ನು ಮೀರುವುದಿಲ್ಲ. ಬೆನ್ನಿನ ತುಪ್ಪುಳು ಕಂದು ಅಥವಾ ಕಡುಗಂದು, ಹೊಟ್ಟೆಯ ಕಡೆ ತುಸು ತಿಳಿಯಾದ ಬಣ್ಣ; ರೆಕ್ಕೆಯ ಚರ್ಮವೂ ಕಿವಿಯೂ ಮೂತಿಯೂ ಕಪ್ಪುಮಿಶ್ರಿತ ಕಂದು.

ರೆಕ್ಕೆಯೆಂಬುದು ಇಲ್ಲಿ ರೂಪಾಂತರಗೊಂಡ ಕೈಯೇ ಹೊರತು ಬೇರೆ ಅಂಗವಲ್ಲ. ಹೆಬ್ಬೆರಳು ಚಿಕ್ಕದಾಗಿ ಬಿಡಿಯಾಗಿ ನಿಂತು ಒಂದು ಕೊಕ್ಕೆಯುಗುರನ್ನು ಧರಿಸಿರುತ್ತದೆ. ಉಳಿದ ನಾಲ್ಕು ಬೆರಳುಗಳು ದೇಹಕ್ಕೆ ಹೋಲಿಸಿದರೆ ಅತಿಶಯವಾಗಿ ನೀಳವಾಗಿ ಬೆಳೆದು, ಅವುಗಳ ನಡುವೆ, ಅಲ್ಲಿಂದ ಪಕ್ಕೆಗೆ ಮತ್ತು ಹಿಂಗಾಲಿಗೆ, ಎರಡು ಪದರಗಳ ತೆಳು ಚರ್ಮಪಟವು ಹಬ್ಬಿಕೊಂಡಿರುತ್ತದೆ. ಈ ಪಟವನ್ನು ಬೆಳಕಿಗೆ ಹಿಡಿದು ನೋಡಿದರೆ ರಕ್ತನಾಳಗಳ ಕವಲುಗಳೂ ಸ್ನಾಯುವಿನ ಸಣ್ಣ ಎಳೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಹಾರುವಾಗ ಈ ಎಳೆಗಳೇ ಪಟದ ಬಿಗಿತವನ್ನು ಕ್ಷಣಕ್ಷಣಕ್ಕೂ ಮಾರ್ಪಡಿಸುತ್ತವೆ. ಹಿಂಗಾಲುಗಳ ನಡುವೆ ಬಾಲವನ್ನೊಳಗೊಂಡಂತೆ ಇನ್ನೊಂದು ಪಟವಿದ್ದು, ಹಿಮ್ಮಡಿಯಿಂದ ಹೊರಟ ಒಂದು ಮೃದ್ವಸ್ಥಿಯ ಕಡ್ಡಿ ಅದರ ಅಂಚಿಗೆ ಆಧಾರವಾಗಿ ನಿಂತಿರುತ್ತದೆ. ಆ ಕಡ್ಡಿಯ ಹೊರಬದಿಯಲ್ಲಿ ಚರ್ಮದ ಸಣ್ಣದೊಂದು ಎಸಳು ಇರುವುದು ಪಿಪಿಸ್ಟ್ರೆಲಸ್ ಜಾತಿಯ ಬಾವಲಿಗಳನ್ನು ಗುರುತಿಸಲು ಸಹಾಯಕವಾದ ಚಿಹ್ನೆ.

ಮೊಣಕಾಲುಗಳು ನಮ್ಮವುಗಳಂತೆ ಮುಂದಕ್ಕೆ ಬಾಗದೆ ಹಿಂದಕ್ಕೂ ಪಕ್ಕಕ್ಕೂ ತಿರುಗಿಕೊಂಡಿರುತ್ತವೆ. ತಲೆಕೆಳಗಾಗಿ ತೂಗುವಾಗ ದೇಹದ ಭಾರವೇ ಕಾಲ್ಬೆರಳುಗಳ ಸ್ನಾಯುರಜ್ಜುಗಳನ್ನು ಸೆಳೆದು ಉಗುರುಗಳನ್ನು ಬಿಗಿಯಾಗಿ ಮುಚ್ಚುವುದರಿಂದ, ಹಿಡಿತಕ್ಕಾಗಿ ಪ್ರಾಣಿಯು ಶಕ್ತಿಯನ್ನು ವೆಚ್ಚಮಾಡಬೇಕಾಗಿಲ್ಲ. ಮೂತಿ ಮೊಂಡಾಗಿ ಸರಳವಾಗಿದ್ದು, ಎಲೆಮೂಗಿನ ಬಾವಲಿಗಳಲ್ಲಿ ಕಾಣುವ ಚರ್ಮದ ಮಡಿಕೆಗಳು ಇದರಲ್ಲಿಲ್ಲ. ಕಿವಿಯ ದ್ವಾರದೆದುರಿಗೆ ನೆಟ್ಟಗೆ ನಿಂತ ಮೊಟಕಾದ ಎಸಳೊಂದು ಶಬ್ದವು ಯಾವ ಎತ್ತರದಿಂದ ಬಂದಿತೆಂಬುದನ್ನು ನಿರ್ಧರಿಸಲು ನೆರವಾಗುತ್ತದೆ. ಕಣ್ಣುಗಳು ಸಣ್ಣವಾದರೂ ಕುರುಡಲ್ಲ. ಬಾವಲಿಗೆ ಕಣ್ಣು ಕಾಣದೆಂಬ ಲೋಕರೂಢಿ ಸತ್ಯಕ್ಕೆ ದೂರವಾದುದು. ಹಲ್ಲುಗಳು ಒಟ್ಟು 34. ಬಾಚಿಹಲ್ಲುಗಳು ಮೇಲೆ ನಾಲ್ಕು, ಕೆಳಗೆ ಆರು. ಕೋರೆಹಲ್ಲುಗಳು ಚೂಪಾಗಿಯೂ ದವಡೆಹಲ್ಲುಗಳು ಅಂಕುಡೊಂಕಾದ ಏಣುಗಳುಳ್ಳವಾಗಿಯೂ ಇದ್ದು ಕೀಟಗಳ ಗಡುಸಾದ ಕವಚವನ್ನು ಕತ್ತರಿಸಿ ಪುಡಿಮಾಡಲು ಯೋಗ್ಯವಾಗಿವೆ.

ವ್ಯಾಪ್ತಿ ಮತ್ತು ನೆಲೆಗಳು

ಪಾಕಿಸ್ತಾನ, ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಿಂದ ಮೊದಲ್ಗೊಂಡು ಬರ್ಮಾದ ಮೂಲಕ ಆಗ್ನೇಯ ಏಷ್ಯದ ದ್ವೀಪಗಳವರೆಗೆ ಈ ಪ್ರಭೇದವು ಹರಡಿದೆ. ಭಾರತದಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಎಂಬ ಭೇದವಿಲ್ಲದೆ ಹೊಲಗದ್ದೆ, ತೋಟ, ಹಳ್ಳಿ, ನಗರ ಎಲ್ಲೆಡೆಯಲ್ಲಿಯೂ ಇದು ವಾಸಿಸುತ್ತದೆ.

ಗುಹೆಗಳನ್ನು ಆಶ್ರಯಿಸುವ ಬಾವಲಿಗಳ ಗುಂಪಿಗೆ ಇದು ಸೇರಿದುದಲ್ಲ. ಹೆಂಚಿನ ಸಂದು, ತೊಲೆಜಂತಿಗಳ ನಡುವಣ ಕಿಂಡಿ, ಗೋಡೆಯ ಬಿರುಕು, ಬಾಗಿಲ ಮೇಲಣ ಫಲಕದ ಹಿಂಬದಿ, ಮರದ ಪೊಟರೆ, ಸಡಿಲವಾದ ತೊಗಟೆ, ಒಣಗಿ ಜೋತುಬಿದ್ದ ಗರಿ ಇವೇ ಇದರ ಹಗಲಿನ ನೆಲೆಗಳು. ಇಂಥ ಸಂದುಗಳಲ್ಲಿ ಅದು ಗಾಳಿಯಲ್ಲಿ ತೂಗಾಡುವುದಕ್ಕಿಂತ ಹೆಚ್ಚಾಗಿ ಹೊಟ್ಟೆಯನ್ನು ಗೋಡೆಗೆ ಆನಿಸಿ ತಲೆಯನ್ನು ಕೆಳಗೆ ಮಾಡಿ ಅಂಟಿಕೊಂಡು ಮಲಗುತ್ತದೆ. ಗುಂಪುಗಳು ಸಣ್ಣವು, ಒಂಟಿಯಾಗಿಯೋ ಕೆಲವೇ ಪ್ರಾಣಿಗಳು ಕೂಡಿಯೋ ಇರುವುದು ಸಾಮಾನ್ಯ. ನೆಲೆಯ ಇರವನ್ನು ತೋರಿಸಿಕೊಡುವುದು ಅದರ ಕೆಳಗೆ ಬೀಳುವ ಹಿಕ್ಕೆ. ನೋಟಕ್ಕೆ ಅದು ಸುಂಡಿಲಿಯ ಹಿಕ್ಕೆಯಂತೆಯೇ ಕಪ್ಪಗೆ ಸಣ್ಣಗೆ ಇರುವುದಾದರೂ, ಇಲಿಯದು ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುವುದು, ಬಾವಲಿಯದು ಕಡ್ಡಿಯಿಂದ ಒತ್ತಿದೊಡನೆ ಪುಡಿಯಾಗಿ, ಜೀರುಂಡೆಯ ಕವಚದ ಚೂರುಗಳಿಂದಲೂ ಪತಂಗದ ಹುರುಪೆಗಳಿಂದಲೂ ಮಿನುಗುವುದು.

ಪ್ರತಿಧ್ವನಿಯಿಂದ ದಾರಿಯನ್ನರಿಯುವಿಕೆ

ಕತ್ತಲಲ್ಲಿ ಬಾವಲಿಗಳು ಅಡ್ಡಿಗಳನ್ನು ತಪ್ಪಿಸಿಕೊಂಡು ಹಾರುವ ಬಗೆಯನ್ನು ಮೊದಲು ಪ್ರಯೋಗಪೂರ್ವಕವಾಗಿ ಪರೀಕ್ಷಿಸಿದವನು ಇಟಲಿಯ ಸ್ಪಲ್ಲನ್ಜಾನಿ. 1790ರ ದಶಕದಲ್ಲಿ ಅವನೂ ಜಿನೀವದ ವೈದ್ಯ ಜ್ಯೂರಿನ್ ಎಂಬವನೂ ನಡೆಸಿದ ಪರೀಕ್ಷೆಗಳಿಂದ, ಕಣ್ಣನ್ನು ಕಳೆದುಕೊಂಡ ಬಾವಲಿಯು ಸರಾಗವಾಗಿ ಹಾರಬಲ್ಲುದು, ಕಿವಿಯನ್ನು ಮುಚ್ಚಿದ ಬಾವಲಿಯು ಮಾತ್ರ ದಿಕ್ಕುಗಾಣದೆ ಡಿಕ್ಕಿಹೊಡೆಯುವುದು ಎಂಬುದು ತಿಳಿದುಬಂದಿತು. ಶಬ್ದವೇ ಕೇಳಿಸದ ಕಡೆ ಕಿವಿಗೇನು ಕೆಲಸವೆಂಬ ಪ್ರಶ್ನೆಗೆ ಉತ್ತರವಿಲ್ಲದೆ ಆ ಸತ್ಯವು ನೂರೈವತ್ತು ವರ್ಷಗಳಷ್ಟು ಕಾಲ ಮೂಲೆಗುಂಪಾಗಿ ಉಳಿಯಿತು. 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿ ಪಿಯರ್ಸ್ ನಿರ್ಮಿಸಿದ್ದ ಯಂತ್ರದ ಮುಂದೆ ಬಾವಲಿಗಳನ್ನಿಟ್ಟು, ಮನುಷ್ಯನ ಶ್ರವಣಕ್ಕೆ ನಿಲುಕದ ಉಚ್ಚ ಧ್ವನಿಯನ್ನು ಅವು ಹೊರಡಿಸುತ್ತವೆಂಬುದನ್ನು ಕಂಡುಕೊಂಡನು. ಮುಂದೆ ಗಲಾಂಬೋಸ್ ಎಂಬವನ ಸಹಯೋಗದಲ್ಲಿ ಈ ಧ್ವನಿಯ ಮರುದನಿಯೇ ಅವುಗಳಿಗೆ ಮಾರ್ಗದರ್ಶಕವೆಂಬುದನ್ನು ನಿಸ್ಸಂದೇಹವಾಗಿ ಸ್ಥಾಪಿಸಿದನು. ಜೀವವಿಜ್ಞಾನದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಅನಾದರಕ್ಕೆ ಗುರಿಯಾಗಿ ಇಷ್ಟು ಪೂರ್ಣವಾಗಿ ಸಮರ್ಥಿತವಾದ ಪ್ರಯೋಗಗಳು ವಿರಳ.

ಮನುಷ್ಯನ ಕಿವಿಯ ಮೇಲ್ಮಿತಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳು. ಕುಬ್ಜ ಬಾವಲಿಯ ಕೂಗು ಅದರ ಇಮ್ಮಡಿಯನ್ನೂ ಮೀರಿದ ಆವರ್ತನದ್ದು. ಇಲ್ಲಿ ಗಾತ್ರದ ಪ್ರಭಾವವನ್ನು ಕಾಣಬಹುದು. ಸೆಕೆಂಡಿಗೆ 40,000 ಕಂಪನಗಳುಳ್ಳ ಶಬ್ದದ ಅಲೆಯುದ್ದವು ಗಾಳಿಯಲ್ಲಿ ಸುಮಾರು 8.5 ಮಿಲಿಮೀಟರು. ಅಲೆಯುದ್ದಕ್ಕಿಂತ ತೀರ ಸಣ್ಣದಾದ ವಸ್ತುವಿನಿಂದ ಮರುದನಿಯು ದುರ್ಬಲವಾಗಿ ಹಿಂದಿರುಗುವುದರಿಂದ, ಸಣ್ಣ ನೊಣಗಳನ್ನೂ ಸೊಳ್ಳೆಗಳನ್ನೂ ಬೇಟೆಯಾಡುವ ಪ್ರಾಣಿಗೆ ಉಚ್ಚ ಧ್ವನಿಯೇ ಬೇಕು. ಆದರೆ ಧ್ವನಿಯು ಉಚ್ಚವಾದಷ್ಟೂ ಗಾಳಿಯಲ್ಲಿ ಬೇಗ ಕ್ಷೀಣಿಸುವುದರಿಂದ ಬೇಟೆಯು ಕೆಲವೇ ಅಡಿಗಳ ಅಂತರದಲ್ಲಿ ಮಾತ್ರ ಗೋಚರಕ್ಕೆ ಬರುತ್ತದೆ. ಒಂದು ಮೀಟರು ದೂರದ ಕೀಟದಿಂದ ಮರುದನಿಯು ಬಂದು ಮುಟ್ಟಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ ಆರು ಭಾಗ. ಇಷ್ಟು ಅಲ್ಪ ಅವಕಾಶದೊಳಗೆ ತಿರುಗಿ ಹಿಡಿಯಬೇಕಾದುದರಿಂದಲೇ ಈ ಬಾವಲಿಯ ಹಾರಾಟವು ಅಷ್ಟು ಚಂಚಲವಾಗಿ, ಗುರಿಯಿಲ್ಲದುದೆಂಬಂತೆ ತೋರುತ್ತದೆ. ಹುಡುಕುವಾಗ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿರುವ ಕೂಗುಗಳು ಬೇಟೆಯನ್ನು ಸಮೀಪಿಸಿದಂತೆಲ್ಲ ದಟ್ಟವಾಗಿ, ಕೊನೆಯ ಕ್ಷಣದಲ್ಲಿ ನೂರನ್ನೂ ಮೀರಿ, ಯಂತ್ರದ ಮೂಲಕ ಆಲಿಸುವವರಿಗೆ ಒಂದೇ ಝೇಂಕಾರವಾಗಿ ಕೇಳಿಸುತ್ತವೆ.

ಆಹಾರ ಮತ್ತು ದಿನಚರಿ

ಸೂರ್ಯಾಸ್ತದ ವೇಳೆಗೆ ಹೊರಬೀಳುವ ಬಾವಲಿಗಳಲ್ಲಿ ಇದು ಅಗ್ರಸ್ಥಾನದಲ್ಲಿದೆ. ಸಣ್ಣ ಕೀಟಗಳ ಹಾರಾಟವು ಮುಸ್ಸಂಜೆಯಲ್ಲಿಯೇ ಅತ್ಯಧಿಕವಾಗಿದ್ದು ರಾತ್ರಿ ಏರಿದಂತೆ ಇಳಿಮುಖವಾಗುವುದೇ ಇದಕ್ಕೆ ಮುಖ್ಯ ಕಾರಣ. ಮತ್ತೊಂದು ಬೇಟೆಯ ಅವಧಿ ಬೆಳಗಿನ ಜಾವಕ್ಕೆ ಮೊದಲು. ನಡುವಣ ಕಾಲವನ್ನು ಅದು ಬಹುಮಟ್ಟಿಗೆ ವಿಶ್ರಾಂತಿಯಲ್ಲಿ ಕಳೆಯುತ್ತದೆ. ಕೀಟವನ್ನು ನೇರವಾಗಿ ಬಾಯಿಂದ ಕಚ್ಚುವುದುಂಟು. ರೆಕ್ಕೆಯಿಂದ ಸೆಳೆದು ಬಾಲದ ಪಟದೊಳಗೆ ಕೆಡವಿಕೊಂಡು, ಹಾರುತ್ತಿರುವಂತೆಯೇ ತಲೆಯನ್ನು ಬಗ್ಗಿಸಿ ಅಲ್ಲಿಂದ ಎತ್ತಿಕೊಳ್ಳುವುದೂ ಉಂಟು.

ಸಣ್ಣ ಜೀರುಂಡೆ, ನೊಣ, ನುಸಿ, ಸೊಳ್ಳೆ, ಪತಂಗ, ಮೊದಲ ಮಳೆಗೆ ಏಳುವ ಈಸಲುಹುಳು ಇವು ಇದರ ಆಹಾರ. ದಕ್ಷಿಣ ಭಾರತದಲ್ಲಿ ಹಿಕ್ಕೆಯ ಪರೀಕ್ಷೆಯಿಂದ ನಡೆಸಿದ ಅಧ್ಯಯನಗಳು ಋತುವಿಗೆ ತಕ್ಕಂತೆ ಆಹಾರವು ಮಾರ್ಪಡುವುದೆಂದು ತೋರಿಸಿವೆ. ಬಾವಲಿಯೊಂದು ಗಂಟೆಗೆ 600 ಸೊಳ್ಳೆಗಳನ್ನು ತಿನ್ನುವುದೆಂಬ ಹೇಳಿಕೆ ಜನಪ್ರಿಯ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಅದರ ಮೂಲವು ಗ್ರಿಫಿನ್ ಮತ್ತು ಅವನ ಸಹೋದ್ಯೋಗಿಗಳು 1960ರಲ್ಲಿ ಪ್ರಕಟಿಸಿದ, ಮುಚ್ಚಿದ ಕೋಣೆಯಲ್ಲಿ ಅಮೆರಿಕದ ಬೇರೊಂದು ಪ್ರಭೇದವು ನಿಮಿಷಕ್ಕೆ ಸುಮಾರು ಹತ್ತು ಸಣ್ಣ ಕೀಟಗಳನ್ನು ಹಿಡಿಯಿತೆಂಬ ಪ್ರಯೋಗ. ಅದನ್ನು ಅರುವತ್ತರಿಂದ ಗುಣಿಸಿ ಬಯಲಿನ ಬಾವಲಿಗಳಿಗೆ ಅನ್ವಯಿಸುವುದು ಸಾಧುವಲ್ಲ. ನಿಜವಾದ ಸಂಗತಿಯೂ ಸಾಕಷ್ಟು ಆಶ್ಚರ್ಯಕರವೇ: ದೇಹವು ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದಾಗ ಮೈಯ ಹೊರಮೈ ಹೆಚ್ಚು, ಅದರಿಂದ ಶಾಖದ ನಷ್ಟವೂ ಹೆಚ್ಚು, ಅದನ್ನು ತುಂಬಿಕೊಳ್ಳಲು ಈ ಗಾತ್ರದ ಬಾವಲಿಗಳು ರಾತ್ರಿಯೊಂದರಲ್ಲಿ ತಮ್ಮ ತೂಕದ ಗಣನೀಯ ಭಾಗದಷ್ಟು ಕೀಟಗಳನ್ನು ತಿನ್ನಬೇಕಾಗುತ್ತದೆ, ಹಾಲೂಡಿಸುವ ತಾಯಿಯಂತೂ ಇನ್ನೂ ಹೆಚ್ಚು. ಆಹಾರ ಸಾಲದ ಅಥವಾ ಚಳಿಯ ದಿನಗಳಲ್ಲಿ ದೇಹದ ಉಷ್ಣತೆಯನ್ನು ಸುತ್ತಣ ಗಾಳಿಯ ಮಟ್ಟದ ಹತ್ತಿರಕ್ಕೆ ಇಳಿಸಿ, ಉಸಿರನ್ನೂ ನಾಡಿಯನ್ನೂ ಮಂದಗೊಳಿಸಿ, ಜಡನಿದ್ರೆಯಲ್ಲಿ ಹಗಲನ್ನು ಕಳೆಯುವುದು ಇಂಥ ಪ್ರಾಣಿಗಳ ಮಿತವ್ಯಯದ ಉಪಾಯ. ಶೀತದೇಶಗಳ ಬಾವಲಿಗಳಂತೆ ತಿಂಗಳುಗಟ್ಟಲೆ ನಿದ್ರಿಸುವ ಅಗತ್ಯ ದಕ್ಷಿಣ ಭಾರತದಲ್ಲಿ ಒದಗುವುದಿಲ್ಲ.

ಜೀವನಚಕ್ರ

ಭಾರತದ ಬಾವಲಿಗಳ ಸಂತಾನೋತ್ಪತ್ತಿಯ ಅಧ್ಯಯನಕ್ಕೆ ನಾಗಪುರದಲ್ಲಿ ಗೋಪಾಲಕೃಷ್ಣ ಅವರೂ ಅವರ ಶಿಷ್ಯರೂ ಭದ್ರವಾದ ಅಡಿಪಾಯ ಹಾಕಿದರು. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಚಂದ್ರಶೇಖರನ್ ಮತ್ತು ಮಾರಿಮುತ್ತು ಅವರ ಬಳಗವು ಕುಬ್ಜ ಬಾವಲಿಯ ಫಲವತ್ತತೆ, ಮರಿಗಳ ಬೆಳವಣಿಗೆ, ಆಹಾರ ಇವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿತು. ಇದರ ಹತ್ತಿರದ ಬಂಧುವಾದ ಕೆಲಾರ್ಟನ ಬಾವಲಿಯಲ್ಲಿ, ಕೂಡುವಿಕೆಯ ತರುವಾಯ ವೀರ್ಯಾಣುಗಳು ಹೆಣ್ಣಿನ ಗರ್ಭಾಂಗದೊಳಗೆ ಕೆಲಕಾಲ ಸಜೀವವಾಗಿ ಉಳಿದು ಆಮೇಲೆ ಗರ್ಭಾಧಾನವಾಗುವುದೆಂದು ಗೋಪಾಲಕೃಷ್ಣ ಮತ್ತು ಮಾಧವನ್ 1971ರಲ್ಲಿ ವರದಿಮಾಡಿದರು.

ಹೆಚ್ಚಿನ ಬಾವಲಿಗಳು ವರ್ಷಕ್ಕೊಂದೇ ಮರಿಯನ್ನು ಹೆರುವುವಾದರೆ, ಕುಬ್ಜ ಬಾವಲಿಯಲ್ಲಿ ಅವಳಿ ಮರಿಗಳು ಸಾಮಾನ್ಯ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರಸವಿಸುವುದೂ ಉಷ್ಣಪ್ರದೇಶದಲ್ಲಿ ವಾಸಿಸುವ ಈ ಪ್ರಭೇದದ ವೈಶಿಷ್ಟ್ಯ. ಎರಡು ಮರಿಗಳ ಒಟ್ಟು ತೂಕವು ಹುಟ್ಟುವಾಗ ತಾಯಿಯ ತೂಕದ ಕಾಲುಭಾಗವನ್ನು ಮೀರುತ್ತದೆ. ಆ ಭಾರವನ್ನು ಹೊತ್ತುಕೊಂಡೇ ಗರ್ಭಿಣಿಯು ಪ್ರಸವದ ಮುನ್ನಾದಿನದವರೆಗೂ ಹಾರಿ ಬೇಟೆಯಾಡುತ್ತದೆಂಬುದು ಗಮನಾರ್ಹ.

ಹುಟ್ಟಿದ ಮರಿಯು ಕೂದಲಿಲ್ಲದೆ ನಸುಗೆಂಪಾಗಿ, ಕಣ್ಣು ಮುಚ್ಚಿ, ಕಿವಿ ಮಡಿಚಿಕೊಂಡಿರುತ್ತದೆ. ಹಿಂಗಾಲುಗಳೂ ಹೆಬ್ಬೆರಳುಗಳೂ ಮಾತ್ರ ಆಗಲೇ ಬಲವಾಗಿರುತ್ತವೆ. ಕೊಕ್ಕೆಯಂತಿರುವ ಹಾಲುಹಲ್ಲುಗಳು ಮೊಲೆತೊಟ್ಟನ್ನು ಕಚ್ಚಿಹಿಡಿಯಲು ಉಪಯುಕ್ತವಾಗಿವೆ. ತಾಯಿಗೆ ಎದೆಯ ಭಾಗದಲ್ಲಿ ಮೊಲೆತೊಟ್ಟುಗಳು ಎರಡೇ ಆದುದರಿಂದ ಅವಳಿಗಳಿಗೆ ಒಂದೊಂದು ಸಲ್ಲುತ್ತದೆ. ಬೇಟೆಗೆ ಹೊರಡುವಾಗ ತಾಯಿ ಮರಿಗಳನ್ನು ನೆಲೆಯಲ್ಲಿಯೇ ಬಿಟ್ಟುಹೋಗಿ, ಹಿಂದಿರುಗಿದಾಗ ಅವುಗಳ ಕೂಗಿನಿಂದಲೂ ವಾಸನೆಯಿಂದಲೂ ತನ್ನವನ್ನು ಗುರುತಿಸುತ್ತದೆ.

ಮೊದಲ ವಾರಗಳಲ್ಲಿ ಮುಂಗೈ ಮೂಳೆಯು ದಿನದಿನಕ್ಕೂ ಕ್ರಮವಾಗಿ ಬೆಳೆಯುವುದರಿಂದ ಅದರ ಉದ್ದವನ್ನಳೆದು ಮರಿಯ ವಯಸ್ಸನ್ನು ಅಂದಾಜುಮಾಡಬಹುದು. ಬೆಳವಣಿಗೆ ಪೂರ್ಣವಾಗದ ಬಾವಲಿಯ ರೆಕ್ಕೆಯನ್ನು ದೀಪದೆದುರು ಹಿಡಿದರೆ, ಬೆರಳಿನ ಗೆಣ್ಣುಗಳಲ್ಲಿ ಮೃದ್ವಸ್ಥಿಯಿರುವೆಡೆ ಬೆಳಕು ತೂರಿಬರುವ ಸಣ್ಣ ಪಟ್ಟಿಯೊಂದು ಕಾಣುತ್ತದೆ. ವಯಸ್ಕರಲ್ಲಿ ಆ ಎಡೆಯು ಮೂಳೆಗಟ್ಟಿ ಗೆಣ್ಣು ಗುಂಡಾಗಿ ಕಪ್ಪಗೆ ತೋರುತ್ತದೆ. ಮೂರುನಾಲ್ಕು ವಾರಗಳಲ್ಲಿ ಮರಿಗಳು ಹಾರಲು ತೊಡಗಿ, ಕ್ರಮೇಣ ಹಾಲನ್ನು ಬಿಟ್ಟು ಸ್ವತಂತ್ರವಾಗುತ್ತವೆ. ಬೇಟೆಯ ಕೂಗೂ ಹಾರಾಟದೊಂದಿಗೇ ಪಕ್ವವಾಗುತ್ತದೆ. ತಮ್ಮ ಗಾತ್ರದ ಇಲಿಗಳಿಗೆ ಹೋಲಿಸಿದರೆ ಬಾವಲಿಗಳು ಗಣನೀಯವಾಗಿ ದೀರ್ಘಾಯುಗಳು. ಯುರೋಪಿನ ಸಾಮಾನ್ಯ ಪಿಪಿಸ್ಟ್ರೆಲ್ ಹತ್ತು ವರ್ಷಗಳನ್ನು ಮೀರಿ ಬದುಕಿದ ನಿದರ್ಶನಗಳಿವೆ.

ಶತ್ರುಗಳು

ಗೂಬೆ, ಬೆಕ್ಕು, ಹಾವು ಇವು ಸಾಮಾನ್ಯ ವೈರಿಗಳು. ಮೆಗಾಡರ್ಮ ಲೈರ ಎಂಬ, ದೊಡ್ಡ ಕಿವಿಯ ಮಾಂಸಾಹಾರಿ ಬಾವಲಿಯು ತನ್ನ ಈ ಸಣ್ಣ ಬಂಧುಗಳನ್ನೂ ಹಿಡಿದು ತಿನ್ನುತ್ತದೆ. ನೆಲೆಯಿಂದ ಕೆಳಗೆ ಬಿದ್ದ ಮರಿಗಳು ಇರುವೆಗಳಿಗೆ ತುತ್ತಾಗುವುವು.

ಮನುಷ್ಯನೊಡನೆ ಸಂಬಂಧ ಮತ್ತು ಇಂದಿನ ಸ್ಥಿತಿ

ಬೆಳೆಗೆ ಕೇಡುಮಾಡುವ ಪತಂಗಗಳನ್ನೂ ಜೀರುಂಡೆಗಳನ್ನೂ ತಿನ್ನುವುದರಿಂದ ಕೀಟಾಹಾರಿ ಬಾವಲಿಗಳು ಕೃಷಿಗೆ ಹಿತಕಾರಿಗಳು. ಇವು ಹಣ್ಣುಗಳನ್ನು ಮುಟ್ಟುವುದಿಲ್ಲ, ರಕ್ತವನ್ನು ಹೀರುವುದೂ ಇಲ್ಲ. ರಕ್ತಾಹಾರಿ ಬಾವಲಿಗಳು ಅಮೆರಿಕ ಖಂಡದ ಉಷ್ಣಪ್ರದೇಶಗಳಲ್ಲಿ ಮಾತ್ರ ಇವೆ. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಪಾ ಜ್ವರದ ಮೂಲವಾಗಿ ಗುರುತಿಸಲ್ಪಟ್ಟುದು ಹಣ್ಣು ತಿನ್ನುವ ದೊಡ್ಡ ಬಾವಲಿ. ಆ ಭಯವನ್ನು ಮನೆಯ ಸೂರಿನ ಸಣ್ಣ ಬಾವಲಿಗಳ ಮೇಲೆ ಹೊರಿಸಿ ಅವನ್ನು ಕೊಲ್ಲುವುದಕ್ಕೆ ಶಾಸ್ತ್ರೀಯ ಆಧಾರವಿಲ್ಲ. ಆದರೂ ಯಾವ ಬಾವಲಿಯನ್ನಾಗಲಿ ಬರಿಗೈಯಿಂದ ಹಿಡಿಯಬಾರದು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಕುಬ್ಜ ಬಾವಲಿಯನ್ನು ಕನಿಷ್ಠ ಆತಂಕದ ಪ್ರಭೇದಗಳ ಪಟ್ಟಿಯಲ್ಲಿರಿಸಿದೆ. ಕರ್ನಾಟಕದಲ್ಲಿಯೇ ಇರುವ ಕೆಲವು ಗುಹಾವಾಸಿ ಬಾವಲಿಗಳ ಸ್ಥಿತಿ ಇದಕ್ಕೆ ತೀರ ಭಿನ್ನ: ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಗಳಿಂದ 1913ರಲ್ಲಿ ವರ್ಣಿತವಾದ ರಾಟನ್ನನ ಬಿಡಿಬಾಲದ ಬಾವಲಿಯು ಬಹುಕಾಲ ಆ ಒಂದೇ ನೆಲೆಯಿಂದ ತಿಳಿದಿದ್ದಿತು, 1994ರಲ್ಲಿ ಹೆಸರು ಪಡೆದ ಕೋಲಾರದ ಎಲೆಮೂಗಿನ ಬಾವಲಿಯು ಗ್ರಾನೈಟ್ ಗಣಿಗಾರಿಕೆಯ ದೆಸೆಯಿಂದ ಅಳಿವಿನ ಅಂಚನ್ನು ಮುಟ್ಟಿದೆ. ಕುಬ್ಜ ಬಾವಲಿಗೆ ನೆಲೆಯ ವಿಷಯದಲ್ಲಿ ಅಂಥ ಹಟವಿಲ್ಲದಿರುವುದೇ ಅದರ ರಕ್ಷೆಯಾಗಿದೆ. ಆದಾಗ್ಯೂ ಹೆಂಚಿನ ಮನೆಗಳು ಹೋಗಿ ಸಂದಿಲ್ಲದ ಕಾಂಕ್ರೀಟು ಕಟ್ಟಡಗಳು ಬರುತ್ತಿರುವುದು, ಹಳೆಯ ಪೊಟರೆಮರಗಳು ಉರುಳುತ್ತಿರುವುದು, ಕೀಟನಾಶಕಗಳು ಆಹಾರವನ್ನು ನಾಶಮಾಡುವುದಲ್ಲದೆ ಆಹಾರದ ಮೂಲಕ ದೇಹವನ್ನೂ ಸೇರುವುದು ಇವು ಉಪೇಕ್ಷಿಸತಕ್ಕವಲ್ಲ. ಮನೆಯ ಮಾಡನ್ನು ದುರಸ್ತಿಮಾಡುವವರು ಮರಿಗಳು ಹಾರಲು ಕಲಿತ ಮೇಲೆ, ಪ್ರಾಣಿಗಳು ಸಂಜೆ ಹೊರಹೋದ ಸಮಯವನ್ನು ನೋಡಿ ಸಂದುಗಳನ್ನು ಮುಚ್ಚಿದರೆ ಹಾನಿ ತಪ್ಪುವುದು.

ಈಗಿನ ಸಮೀಕ್ಷೆಗಳಲ್ಲಿ ಬಲೆಯೊಡ್ಡುವುದರ ಜೊತೆಗೆ, ಶ್ರವಣಾತೀತ ಧ್ವನಿಯನ್ನು ದಾಖಲಿಸುವ ಯಂತ್ರಗಳನ್ನು ರಾತ್ರಿಯಿಡೀ ಇರಿಸಿ ಕೂಗಿನ ಮೂಲಕವೇ ಬಾವಲಿಗಳನ್ನು ಗುರುತಿಸುವ ವಿಧಾನವು ರೂಢಿಗೆ ಬಂದಿದೆ. ಆದರೆ ಕುಬ್ಜ ಬಾವಲಿಗೂ, ಗ್ರೇ ಎಂಬವನು 1838ರಲ್ಲಿ ಕೋರಮಂಡಲ ತೀರದಿಂದ ವರ್ಣಿಸಿದ ಭಾರತೀಯ ಪಿಪಿಸ್ಟ್ರೆಲ್ಲಿಗೂ ಮೈಯಳತೆಗಳು ಒಂದನ್ನೊಂದು ಅತಿಕ್ರಮಿಸುವುದರಿಂದ, ಮಾದರಿಯು ಕೈಯಲ್ಲಿರುವಾಗಲೂ ತಲೆಬುರುಡೆಯ ಮಾಪನ, ಗಂಡಿನ ಶಿಶ್ನಾಸ್ಥಿಯ ಆಕಾರ ಮತ್ತು ಆನುವಂಶಿಕ ದ್ರವ್ಯದ ಪರೀಕ್ಷೆ ಇವುಗಳಿಂದಲೇ ಪ್ರಭೇದವು ಖಚಿತವಾಗುತ್ತದೆ.